ಪರಿಸರ ಸಮಾಲೋಚಕ ವೃತ್ತಿ: ಅರ್ಹತೆ, ಮಾನ್ಯತೆ ಮತ್ತು ಹೊಣೆಗಾರಿಕೆ

(ಸಾರ್ವಜನಿಕರ ಹಾಗೂ ಅರ್ಜಿದಾರರ ಮಾಹಿತಿಗಾಗಿ)

1. ಪೀಠಿಕೆ

ಕೈಗಾರಿಕೆ, ಗಣಿಗಾರಿಕೆ, ಹೆದ್ದಾರಿ, ಬೃಹತ್ ಕಟ್ಟಡ ಮುಂತಾದ ಯೋಜನೆಗಳನ್ನು ಕೈಗೊಳ್ಳುವವರು ಪರಿಸರ ಕಾನೂನುಗಳ ಅಡಿಯಲ್ಲಿ ವಿವಿಧ ಅನುಮತಿಗಳನ್ನು ಪಡೆಯಬೇಕಾಗಿರುತ್ತದೆ. ಈ ಅನುಮತಿಗಳಿಗೆ ಅಗತ್ಯವಾದ ಅಧ್ಯಯನಗಳನ್ನು ನಡೆಸಿ, ವರದಿಗಳನ್ನು ಸಿದ್ಧಪಡಿಸಿ, ಸಂಬಂಧಪಟ್ಟ ಸಮಿತಿಗಳ ಮುಂದೆ ವಿವರಣೆ ನೀಡುವ ತಜ್ಞರನ್ನು ಪರಿಸರ ಸಮಾಲೋಚಕರು ಎಂದು ಕರೆಯಲಾಗುತ್ತದೆ.

ಈ ವೃತ್ತಿಯನ್ನು ಕೈಗೊಳ್ಳಬಯಸುವ ಪದವೀಧರರಲ್ಲಿ ಸಾಮಾನ್ಯವಾಗಿ ಮೂಡುವ ಮೊದಲ ಪ್ರಶ್ನೆ, ಸಮಾಲೋಚಕರ ಪರವಾನಗಿಗಾಗಿ ಯಾವ ಕಚೇರಿಗೆ ಅರ್ಜಿ ಸಲ್ಲಿಸಬೇಕು ಎಂಬುದಾಗಿದೆ. ಪರಿಸರ ಪರಿಣಾಮ ಅಂದಾಜು ವರದಿಗಳ ವಿಷಯದಲ್ಲಿ ವ್ಯಕ್ತಿಗೆ ನೇರವಾಗಿ ನೀಡುವ ಅಂತಹ ಪರವಾನಗಿ ಇರುವುದಿಲ್ಲ. ಮಾನ್ಯತೆಯನ್ನು ಸಂಸ್ಥೆಗೆ ನೀಡಲಾಗುತ್ತದೆ. ವ್ಯಕ್ತಿಯು ತನ್ನ ವಿದ್ಯಾರ್ಹತೆ ಮತ್ತು ಅನುಭವದ ಆಧಾರದ ಮೇಲೆ ಆ ಸಂಸ್ಥೆಯ ತಜ್ಞನೆಂದು ಅನುಮೋದನೆ ಪಡೆಯುತ್ತಾನೆ. ಈ ವ್ಯವಸ್ಥೆಯ ವಿವರ, ಅಗತ್ಯ ವಿದ್ಯಾರ್ಹತೆ, ಕೆಲಸದ ಸ್ವರೂಪ ಮತ್ತು ವೃತ್ತಿಯೊಂದಿಗೆ ಬರುವ ಹೊಣೆಗಾರಿಕೆಯನ್ನು ಮುಂದಿನ ಕಂಡಿಕೆಗಳಲ್ಲಿ ವಿವರಿಸಲಾಗಿದೆ.

2. ಕಾರ್ಯವ್ಯಾಪ್ತಿ

ಪರಿಸರ ಸಮಾಲೋಚಕರು ನಿರ್ವಹಿಸುವ ಮುಖ್ಯ ಕಾರ್ಯಗಳು ಈ ಕೆಳಕಂಡಂತಿವೆ:

ಅ) ಯೋಜನೆಯ ಪರಿಸರ ಪರಿಣಾಮ ಅಂದಾಜು ವರದಿ ಹಾಗೂ ಪರಿಸರ ನಿರ್ವಹಣಾ ಯೋಜನೆಯನ್ನು ಸಿದ್ಧಪಡಿಸುವುದು.

ಆ) ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಸ್ಥಾಪನಾ ಸಮ್ಮತಿ ಮತ್ತು ಚಾಲನಾ ಸಮ್ಮತಿ ಪಡೆಯಲು ಬೇಕಾದ ತಾಂತ್ರಿಕ ದಾಖಲೆಗಳನ್ನು ಒದಗಿಸುವುದು.

ಇ) ತ್ಯಾಜ್ಯನೀರು ಸಂಸ್ಕರಣಾ ಘಟಕ ಹಾಗೂ ಧೂಳು ನಿಯಂತ್ರಣ ವ್ಯವಸ್ಥೆಗಳ ವಿನ್ಯಾಸ ರೂಪಿಸುವುದು.

ಈ) ಪರಿಸರ ಅನುಮತಿ ಪಡೆದ ಯೋಜನೆಗಳ ಷರತ್ತು ಪಾಲನೆಯ ಅರ್ಧವಾರ್ಷಿಕ ವರದಿಗಳನ್ನು ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ರಂದು ಸಲ್ಲಿಸಲು ನೆರವಾಗುವುದು.

ಉ) ಕೈಗಾರಿಕೆಗಳು ಪ್ರತಿ ವರ್ಷ ಸೆಪ್ಟೆಂಬರ್ 30ರ ಒಳಗೆ ಮಂಡಳಿಗೆ ಸಲ್ಲಿಸಬೇಕಾದ ಪರಿಸರ ವಿವರಣಾ ಪತ್ರವನ್ನು ತಯಾರಿಸುವುದು.

ಊ) ಅಪಾಯಕಾರಿ ತ್ಯಾಜ್ಯ, ಜೀವವೈದ್ಯಕೀಯ ತ್ಯಾಜ್ಯ ಮತ್ತು ಇ-ತ್ಯಾಜ್ಯಗಳ ನಿರ್ವಹಣೆಯ ಬಗ್ಗೆ ಸಲಹೆ ನೀಡುವುದು.

ಇವುಗಳಲ್ಲಿ ಮೊದಲನೆಯ ಕಾರ್ಯಕ್ಕೆ ಮಾತ್ರ ಮಾನ್ಯತೆ ಪಡೆದ ಸಂಸ್ಥೆಯೇ ಆಗಿರಬೇಕೆಂಬ ಷರತ್ತು ಕಾನೂನಿನಲ್ಲಿದೆ. ಸಮ್ಮತಿ ಅರ್ಜಿಯನ್ನು ಸಮಾಲೋಚಕರ ಮೂಲಕವೇ ಸಲ್ಲಿಸಬೇಕೆಂಬ ನಿಯಮವಿರುವುದಿಲ್ಲ. ಸಣ್ಣ ಉದ್ದಿಮೆದಾರರು ತಾವೇ ಆನ್‌ಲೈನ್ ಮೂಲಕ ಅರ್ಜಿ ಸಲ್ಲಿಸಬಹುದಾಗಿದೆ.

3. ಕಾನೂನಿನ ಹಿನ್ನೆಲೆ

ಜಲ (ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ) ಅಧಿನಿಯಮ 1974, ವಾಯು (ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ) ಅಧಿನಿಯಮ 1981 ಮತ್ತು ಪರಿಸರ (ಸಂರಕ್ಷಣೆ) ಅಧಿನಿಯಮ 1986, ಈ ಮೂರು ಕಾನೂನುಗಳು ಪರಿಸರ ಆಡಳಿತಕ್ಕೆ ಬುನಾದಿಯಾಗಿವೆ. 1986ರ ಅಧಿನಿಯಮದ ಅಡಿಯಲ್ಲಿ ಕೇಂದ್ರ ಸರ್ಕಾರವು 1994ರ ಜನವರಿ 27ರಂದು ಪರಿಸರ ಪರಿಣಾಮ ಅಂದಾಜಿನ ಮೊದಲ ಅಧಿಸೂಚನೆಯನ್ನು ಹೊರಡಿಸಿತು. ಇದರ ಬದಲಿಗೆ 2006ರ ಸೆಪ್ಟೆಂಬರ್ 14ರಂದು ಹೊರಡಿಸಲಾದ ಅಧಿಸೂಚನೆಯು ಕಾಲಕಾಲದ ತಿದ್ದುಪಡಿಗಳೊಂದಿಗೆ ಜಾರಿಯಲ್ಲಿದೆ.

ಈ ಅಧಿಸೂಚನೆಯಂತೆ ಯೋಜನೆಗಳನ್ನು ‘ಎ’ ಮತ್ತು ‘ಬಿ’ ಎಂದು ವರ್ಗೀಕರಿಸಲಾಗಿದೆ. ‘ಎ’ ವರ್ಗದ ಯೋಜನೆಗಳನ್ನು ಕೇಂದ್ರ ಪರಿಸರ ಸಚಿವಾಲಯವೂ, ‘ಬಿ’ ವರ್ಗದ ಯೋಜನೆಗಳನ್ನು ರಾಜ್ಯ ಮಟ್ಟದ ಪರಿಸರ ಪರಿಣಾಮ ಅಂದಾಜು ಪ್ರಾಧಿಕಾರವೂ ಪರಿಶೀಲಿಸುತ್ತವೆ. ‘ಬಿ’ ವರ್ಗದಲ್ಲಿ ‘ಬಿ1’ ಯೋಜನೆಗಳಿಗೆ ಪರಿಣಾಮ ಅಂದಾಜು ವರದಿ ಅಗತ್ಯವಾಗಿದ್ದು, ‘ಬಿ2’ ಯೋಜನೆಗಳಿಗೆ ಈ ವರದಿಯ ಅಗತ್ಯವಿರುವುದಿಲ್ಲ. ಅರ್ಜಿಯು ವರ್ಗ ನಿರ್ಣಯ, ಅಧ್ಯಯನದ ವ್ಯಾಪ್ತಿ ನಿರ್ಣಯ, ಸಾರ್ವಜನಿಕ ಸಮಾಲೋಚನೆ ಮತ್ತು ಮೌಲ್ಯಮಾಪನ ಎಂಬ ನಾಲ್ಕು ಹಂತಗಳಲ್ಲಿ ಸಾಗುತ್ತದೆ. 20,000 ಚದರ ಮೀಟರ್ ಹಾಗೂ ಅದಕ್ಕಿಂತ ಹೆಚ್ಚಿನ ನಿರ್ಮಿತ ವಿಸ್ತೀರ್ಣದ ಕಟ್ಟಡ ಯೋಜನೆಗಳೂ ಈ ಅಧಿಸೂಚನೆಯ ವ್ಯಾಪ್ತಿಗೆ ಬರುತ್ತವೆ. ಅರ್ಜಿಗಳನ್ನು 2018ರ ಆಗಸ್ಟ್‌ನಲ್ಲಿ ಆರಂಭಗೊಂಡ ‘ಪರಿವೇಶ್’ ಜಾಲತಾಣದ ಮೂಲಕ ಸಲ್ಲಿಸಲಾಗುತ್ತದೆ.

4. ಮಾನ್ಯತೆಯ ವ್ಯವಸ್ಥೆ

ಹಿಂದೆ ಯಾರು ಬೇಕಾದರೂ ಪರಿಣಾಮ ಅಂದಾಜು ವರದಿಯನ್ನು ಸಿದ್ಧಪಡಿಸಬಹುದಾಗಿತ್ತು. ವರದಿಗಳ ಗುಣಮಟ್ಟ ಕುಸಿದ ಬಗ್ಗೆ ದೂರುಗಳು ಕೇಳಿಬಂದ ಹಿನ್ನೆಲೆಯಲ್ಲಿ ಭಾರತೀಯ ಗುಣಮಟ್ಟ ಮಂಡಳಿಯ ಅಂಗವಾದ ‘ನ್ಯಾಬೆಟ್’ ಮೂಲಕ ಮಾನ್ಯತಾ ಯೋಜನೆಯನ್ನು ರೂಪಿಸಲಾಯಿತು. ಕೇಂದ್ರ ಪರಿಸರ ಸಚಿವಾಲಯವು 2009ರ ಡಿಸೆಂಬರ್‌ನಲ್ಲಿ ಹೊರಡಿಸಿದ ಕಚೇರಿ ಜ್ಞಾಪನದ ಮೂಲಕ ಈ ಮಾನ್ಯತೆಯನ್ನು ಕಡ್ಡಾಯಗೊಳಿಸಿತು. 2016ರ ಮಾರ್ಚ್‌ನಲ್ಲಿ ಇದನ್ನು ಅಧಿಸೂಚನೆಯಲ್ಲಿಯೇ ಸೇರ್ಪಡೆ ಮಾಡಲಾಯಿತು.

ಮಾನ್ಯತೆಯನ್ನು ಯೋಜನಾ ಕ್ಷೇತ್ರವಾರು ನೀಡಲಾಗುತ್ತದೆ. ಗಣಿಗಾರಿಕೆಗೆ ಮಾನ್ಯತೆ ಪಡೆದ ಸಂಸ್ಥೆಯು ಅದೇ ಮಾನ್ಯತೆಯ ಆಧಾರದಲ್ಲಿ ಸಕ್ಕರೆ ಕಾರ್ಖಾನೆಯ ವರದಿಯನ್ನು ಸಿದ್ಧಪಡಿಸುವಂತಿಲ್ಲ. ಸಂಸ್ಥೆಯಲ್ಲಿ ಎರಡು ಬಗೆಯ ತಜ್ಞರಿರುತ್ತಾರೆ.

ಅ) ಸಂಯೋಜಕರು: ಇಡೀ ಅಧ್ಯಯನವನ್ನು ಮುನ್ನಡೆಸಿ, ವರದಿಯನ್ನು ಒಟ್ಟುಗೂಡಿಸಿ, ಅದರ ಹೊಣೆ ಹೊರುವವರು.

ಆ) ವಿಷಯ ತಜ್ಞರು: ವಾಯು ಮಾಲಿನ್ಯ, ವಾಯು ಗುಣಮಟ್ಟದ ಮುನ್ನಂದಾಜು, ಜಲ ಮಾಲಿನ್ಯ, ಶಬ್ದ ಮತ್ತು ಕಂಪನ, ಪರಿಸರ ವಿಜ್ಞಾನ ಮತ್ತು ಜೀವವೈವಿಧ್ಯ, ಅಂತರ್ಜಲ, ಭೂವಿಜ್ಞಾನ, ಮಣ್ಣು ಸಂರಕ್ಷಣೆ, ಭೂಬಳಕೆ, ಸಾಮಾಜಿಕ ಮತ್ತು ಆರ್ಥಿಕ ಸ್ಥಿತಿ, ಅಪಾಯ ನಿರ್ವಹಣೆ ಹಾಗೂ ತ್ಯಾಜ್ಯ ನಿರ್ವಹಣೆ ಎಂಬ 12 ವಿಷಯಗಳಲ್ಲಿ ಒಂದು ಅಥವಾ ಹೆಚ್ಚಿನ ವಿಷಯಗಳಿಗೆ ಅನುಮೋದನೆ ಪಡೆದವರು.

ವರದಿಯಲ್ಲಿ ಸಂಯೋಜಕರ ಮತ್ತು ಪ್ರತಿಯೊಬ್ಬ ವಿಷಯ ತಜ್ಞರ ಹೆಸರು ಹಾಗೂ ಸಹಿಯುಳ್ಳ ಘೋಷಣೆ ಇರತಕ್ಕದ್ದು. ಹೊಸದಾಗಿ ಪದವಿ ಪಡೆದವರು ಮೊದಲು ತಜ್ಞರ ಕೈಕೆಳಗೆ ಸಹಾಯಕರಾಗಿ ಸೇರಿ, ನಿಗದಿತ ಅನುಭವ ಗಳಿಸಿದ ನಂತರ ತಜ್ಞರ ಸ್ಥಾನಕ್ಕೆ ಅರ್ಹರಾಗುತ್ತಾರೆ.

5. ವಿದ್ಯಾರ್ಹತೆ ಮತ್ತು ಶಿಕ್ಷಣ ಸಂಸ್ಥೆಗಳು

ಪರಿಸರ, ಸಿವಿಲ್, ರಾಸಾಯನಿಕ ಅಥವಾ ಗಣಿ ಎಂಜಿನಿಯರಿಂಗ್ ಪದವೀಧರರು ಹಾಗೂ ಪರಿಸರ ವಿಜ್ಞಾನ, ರಸಾಯನ ವಿಜ್ಞಾನ, ಭೂವಿಜ್ಞಾನ, ಸಸ್ಯಶಾಸ್ತ್ರ ಅಥವಾ ಪ್ರಾಣಿಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದವರು ಸಾಮಾನ್ಯವಾಗಿ ಈ ವೃತ್ತಿಗೆ ಬರುತ್ತಾರೆ. ಸಾಮಾಜಿಕ ಮತ್ತು ಆರ್ಥಿಕ ಅಧ್ಯಯನಕ್ಕೆ ಸಮಾಜಶಾಸ್ತ್ರ, ಸಮಾಜಕಾರ್ಯ ಮತ್ತು ಅರ್ಥಶಾಸ್ತ್ರ ಓದಿದವರ ಅಗತ್ಯವಿದೆ.

ಕರ್ನಾಟಕದಲ್ಲಿ ಮೈಸೂರಿನ ಶ್ರೀ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜು ಪರಿಸರ ಎಂಜಿನಿಯರಿಂಗ್ ಶಿಕ್ಷಣಕ್ಕೆ ಹೆಸರಾಗಿದೆ. ಸುರತ್ಕಲ್‌ನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಲ್ಲಿ ಈ ವಿಷಯದ ಸ್ನಾತಕೋತ್ತರ ವ್ಯಾಸಂಗಕ್ಕೆ ಅವಕಾಶವಿದೆ. ಮೈಸೂರು, ಬೆಂಗಳೂರು ಮತ್ತು ಕುವೆಂಪು ವಿಶ್ವವಿದ್ಯಾನಿಲಯಗಳಲ್ಲಿ ಪರಿಸರ ವಿಜ್ಞಾನದ ವಿಭಾಗಗಳಿವೆ. ರಾಜ್ಯ ಸರ್ಕಾರವು 2002ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಪರಿಸರ ನಿರ್ವಹಣೆ ಮತ್ತು ನೀತಿ ಸಂಶೋಧನಾ ಸಂಸ್ಥೆ ‘ಎಂಪ್ರಿ’ಯು ಸಂಶೋಧನೆಯೊಂದಿಗೆ ತರಬೇತಿಯನ್ನೂ ನಡೆಸುತ್ತದೆ.

ಪದವಿಯ ಜೊತೆಗೆ ನಕ್ಷೆ ಓದುವ ಹಾಗೂ ಭೌಗೋಳಿಕ ಮಾಹಿತಿ ವ್ಯವಸ್ಥೆಯ ತಂತ್ರಾಂಶ ಬಳಸುವ ಜ್ಞಾನ, ಮಾದರಿ ಸಂಗ್ರಹಣೆಯ ಅಭ್ಯಾಸ, ಕಾನೂನಿನ ತಿಳಿವಳಿಕೆ ಮತ್ತು ಸ್ಪಷ್ಟವಾಗಿ ಬರೆಯುವ ಶಕ್ತಿ ಅಗತ್ಯ. ಕರ್ನಾಟಕದ ಹಳ್ಳಿಗಳಲ್ಲಿ ಕೆಲಸ ಮಾಡುವವರಿಗೆ ಕನ್ನಡದಲ್ಲಿ ವಿಷಯ ತಿಳಿಸುವ ಸಾಮರ್ಥ್ಯ ಇಂಗ್ಲಿಷ್ ಜ್ಞಾನದಷ್ಟೇ ಮುಖ್ಯವಾಗಿರುತ್ತದೆ.

6. ಕ್ಷೇತ್ರ ಅಧ್ಯಯನದ ಸ್ವರೂಪ

ಕೆಲಸದ ಸ್ವರೂಪವನ್ನು ಅರಿಯಲು 5 ಹೆಕ್ಟೇರ್‌ಗಿಂತ ಹೆಚ್ಚಿನ ವಿಸ್ತೀರ್ಣದ ಕಟ್ಟಡ ಕಲ್ಲಿನ ಗಣಿಯ ಉದಾಹರಣೆಯನ್ನು ಗಮನಿಸಬಹುದು.

ಸಮಾಲೋಚಕರ ತಂಡವು ಗಣಿಯ ಸುತ್ತ ಸಾಮಾನ್ಯವಾಗಿ 10 ಕಿ.ಮೀ. ವ್ಯಾಪ್ತಿಯನ್ನು ಅಧ್ಯಯನ ಪ್ರದೇಶವೆಂದು ಗುರುತಿಸಿಕೊಳ್ಳುತ್ತದೆ. ಮಳೆಗಾಲವನ್ನು ಬಿಟ್ಟು ಒಂದು ಋತುವಿನ ಮೂರು ತಿಂಗಳ ಕಾಲ ಗಾಳಿ, ನೀರು, ಮಣ್ಣು ಮತ್ತು ಶಬ್ದದ ಸ್ಥಿತಿಯನ್ನು ದಾಖಲಿಸಲಾಗುತ್ತದೆ. ಮಳೆಯಲ್ಲಿ ಧೂಳು ನೆಲಕ್ಕಿಳಿಯುವುದರಿಂದ ಆ ಅವಧಿಯ ಅಳತೆಯು ವಾಸ್ತವಕ್ಕಿಂತ ಕಡಿಮೆ ತೋರಿಸುತ್ತದೆ. ವಾಯು ಮಾದರಿಯನ್ನು ವಾರಕ್ಕೆ ಎರಡು ದಿನ, ದಿನಕ್ಕೆ 24 ಗಂಟೆಗಳಂತೆ ಸಂಗ್ರಹಿಸಲಾಗುತ್ತದೆ. ಯಂತ್ರದಲ್ಲಿ ಅಳವಡಿಸಿದ ಶೋಧಕ ಕಾಗದವನ್ನು ಮೊದಲು ಮತ್ತು ನಂತರ ತೂಗಿ, ವ್ಯತ್ಯಾಸದಿಂದ ಗಾಳಿಯಲ್ಲಿನ ಕಣಗಳ ಪ್ರಮಾಣವನ್ನು ಕಂಡುಹಿಡಿಯಲಾಗುತ್ತದೆ. 2009ರ ರಾಷ್ಟ್ರೀಯ ಮಾನಕದಂತೆ 10 ಮೈಕ್ರಾನ್‌ವರೆಗಿನ ಕಣಗಳ 24 ಗಂಟೆಗಳ ಮಿತಿಯು ಪ್ರತಿ ಘನ ಮೀಟರಿಗೆ 100 ಮೈಕ್ರೋಗ್ರಾಂ, 2.5 ಮೈಕ್ರಾನ್‌ವರೆಗಿನ ಕಣಗಳ ಮಿತಿಯು 60 ಮೈಕ್ರೋಗ್ರಾಂ ಆಗಿರುತ್ತದೆ. ವಸತಿ ಪ್ರದೇಶದಲ್ಲಿ ಶಬ್ದದ ಮಿತಿಯು ಹಗಲಿನಲ್ಲಿ 55 ಡೆಸಿಬಲ್, ರಾತ್ರಿ 45 ಡೆಸಿಬಲ್ ಆಗಿದೆ.

ಯಂತ್ರವನ್ನು ಎಲ್ಲಿ ಇರಿಸಲಾಗಿದೆ ಎಂಬುದು ಅಳತೆಯಷ್ಟೇ ಮುಖ್ಯ. ಗಾಳಿ ಬೀಸುವ ದಿಕ್ಕಿನಲ್ಲಿರುವ ಊರನ್ನು ಬಿಟ್ಟು, ಅದರ ವಿರುದ್ಧ ದಿಕ್ಕಿನಲ್ಲಿ ವಿದ್ಯುತ್ ಸಂಪರ್ಕ ಸುಲಭವಾಗಿ ಸಿಗುವ ಕಟ್ಟಡದ ಮೇಲೆ ಯಂತ್ರವಿರಿಸಿದರೆ, ಅಂಕಿ ಸರಿಯಿದ್ದರೂ ವರದಿ ತಪ್ಪಾಗುತ್ತದೆ. ಅದೇ ರೀತಿ ಸುತ್ತಲಿನ ತೆರೆದ ಬಾವಿ ಮತ್ತು ಕೊಳವೆ ಬಾವಿಗಳ ನೀರಿನ ಮಟ್ಟ, ಸಿಡಿತದ ಕಂಪನ ತಲುಪಬಹುದಾದ ಮನೆಗಳು, ಲಾರಿಗಳು ಸಾಗುವ ರಸ್ತೆಯ ಬದಿಯ ಶಾಲೆ, ಗೋಮಾಳ ಮತ್ತು ಕೆರೆಗಳನ್ನು ಸ್ಥಳಕ್ಕೆ ಹೋಗಿ ನೋಡಿಯೇ ದಾಖಲಿಸಬೇಕು. ಜನಗಣತಿಯ ಅಂಕಿಗಳನ್ನು ನಕಲು ಮಾಡುವುದರಿಂದ ಈ ಕೆಲಸ ಪೂರ್ಣಗೊಳ್ಳುವುದಿಲ್ಲ.

ಈ ದಾಖಲೆಯ ಮಹತ್ವ ಅನುಮತಿ ದೊರೆತ ನಂತರವೂ ಮುಗಿಯುವುದಿಲ್ಲ. ಗಣಿ ಆರಂಭವಾಗಿ ಐದಾರು ವರ್ಷಗಳ ನಂತರ ರೈತರೊಬ್ಬರು ತಮ್ಮ ಬಾವಿ ಬತ್ತಿದೆ ಎಂದು ದೂರು ಸಲ್ಲಿಸಿದಾಗ, ಮೊದಲು ಅಲ್ಲಿ ನೀರು ಎಷ್ಟಿತ್ತು ಎಂಬ ಪ್ರಶ್ನೆ ಏಳುತ್ತದೆ. ಬಹುತೇಕ ಸಂದರ್ಭಗಳಲ್ಲಿ ಆ ಪ್ರಶ್ನೆಗೆ ದೊರೆಯುವ ಲಿಖಿತ ಉತ್ತರವೆಂದರೆ ಸಮಾಲೋಚಕರು ಅಂದು ಸಿದ್ಧಪಡಿಸಿದ ವರದಿಯಾಗಿರುತ್ತದೆ. ಅದರಲ್ಲಿ ಆ ಬಾವಿಯ ಉಲ್ಲೇಖವೇ ಇಲ್ಲದಿದ್ದರೆ ದೂರುದಾರರಿಗೆ ಆಧಾರ ಇಲ್ಲದಂತಾಗುತ್ತದೆ. ತಾವು ಉಂಟುಮಾಡದ ಹಾನಿಯ ಆರೋಪ ಬಂದಾಗ ಗಣಿ ಮಾಲೀಕರಿಗೂ ಇದೇ ತೊಂದರೆ ಎದುರಾಗುತ್ತದೆ.

7. ಸಾರ್ವಜನಿಕ ಅಹವಾಲು ಸಭೆ

ಪರಿಣಾಮ ಅಂದಾಜಿನ ಕರಡು ವರದಿ ಸಿದ್ಧವಾದ ಮೇಲೆ, ಅಹವಾಲು ಸಭೆ ಅಗತ್ಯವಿರುವ ಯೋಜನೆಗಳಿಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯು ಸಭೆಯನ್ನು ಏರ್ಪಡಿಸುತ್ತದೆ. ಸಭೆಗೆ ಕನಿಷ್ಠ 30 ದಿನಗಳ ಮುಂಚಿತವಾಗಿ ಪತ್ರಿಕಾ ಪ್ರಕಟಣೆ ನೀಡಲಾಗುತ್ತದೆ. ಜಿಲ್ಲಾಧಿಕಾರಿಗಳು ಅಥವಾ ಅಪರ ಜಿಲ್ಲಾಧಿಕಾರಿಗಳ ದರ್ಜೆಗೆ ಕಡಿಮೆಯಿಲ್ಲದ ಅವರ ಪ್ರತಿನಿಧಿಗಳು ಅಧ್ಯಕ್ಷತೆ ವಹಿಸುತ್ತಾರೆ. ವರದಿಯ ಸಾರಾಂಶವು ಸ್ಥಳೀಯ ಭಾಷೆಯಲ್ಲಿ ಲಭ್ಯವಿರತಕ್ಕದ್ದು. ಸಭೆಗೆ ಇಷ್ಟೇ ಜನ ಹಾಜರಿರಬೇಕೆಂಬ ನಿಬಂಧನೆ ಇರುವುದಿಲ್ಲ. ಹಾಜರಿದ್ದ ಪ್ರತಿಯೊಬ್ಬರಿಗೂ ಯೋಜನೆಯ ಬಗ್ಗೆ ಸ್ಪಷ್ಟೀಕರಣ ಕೇಳುವ ಹಕ್ಕಿರುತ್ತದೆ.

ಸಮಾಲೋಚಕರ ಸಿದ್ಧತೆಯ ನಿಜವಾದ ಪರೀಕ್ಷೆ ಇಲ್ಲಿ ನಡೆಯುತ್ತದೆ. ಸಿಡಿತದ ವೇಳೆ ದನಕರುಗಳನ್ನು ಎಲ್ಲಿ ಮೇಯಿಸಬೇಕು, ರೇಷ್ಮೆ ಹುಳುಗಳಿಗೆ ಹಾಕುವ ಸೊಪ್ಪಿನ ಮೇಲೆ ಧೂಳು ಕುಳಿತರೆ ಏನು ಗತಿ, ಕೆರೆಗೆ ಬರುವ ಹಳ್ಳವನ್ನು ಮುಚ್ಚಲಾಗುತ್ತದೆಯೇ ಮುಂತಾದ ಪ್ರಶ್ನೆಗಳಿಗೆ ಕೋಷ್ಟಕದಿಂದ ಉತ್ತರ ಸಿಗುವುದಿಲ್ಲ. ಕ್ಷೇತ್ರವನ್ನು ನಡೆದು ನೋಡಿದವರು ಮಾತ್ರ ಉತ್ತರಿಸಬಲ್ಲರು. ಸಭೆಯಲ್ಲಿ ವ್ಯಕ್ತವಾದ ಆಕ್ಷೇಪಣೆಗಳನ್ನು ಅಂತಿಮ ವರದಿಯಲ್ಲಿ ದಾಖಲಿಸಿ, ಪ್ರತಿಯೊಂದಕ್ಕೂ ಕೈಗೊಳ್ಳುವ ಕ್ರಮ ಮತ್ತು ಅದಕ್ಕೆ ಮೀಸಲಿಡುವ ಹಣವನ್ನು ತೋರಿಸುವುದು ಅಗತ್ಯವಾಗಿರುತ್ತದೆ.

8. ಹೊಣೆಗಾರಿಕೆ

ಸಮಾಲೋಚಕರಿಗೆ ಶುಲ್ಕ ಪಾವತಿಸುವವರು ಯೋಜನೆಯ ಮಾಲೀಕರು. ಆದರೆ ವರದಿಯನ್ನು ನಂಬಿ ನಿರ್ಧಾರ ಕೈಗೊಳ್ಳುವುದು ಪ್ರಾಧಿಕಾರ. ಆ ನಿರ್ಧಾರದ ಪರಿಣಾಮವನ್ನು ಅನುಭವಿಸುವವರು ಸ್ಥಳೀಯ ನಿವಾಸಿಗಳು. ಈ ಮೂವರಿಗೂ ಏಕಕಾಲದಲ್ಲಿ ಉತ್ತರದಾಯಿಯಾಗಿರಬೇಕಾದುದು ಈ ವೃತ್ತಿಯ ಕಠಿಣ ಭಾಗವಾಗಿದೆ. ವೃತ್ತಿಗೆ ಬರುವವರು ಇದನ್ನು ಆರಂಭದಲ್ಲಿಯೇ ತಿಳಿದಿರುವುದು ಒಳಿತು.

2006ರ ಅಧಿಸೂಚನೆಯಂತೆ, ಮುಖ್ಯ ಮಾಹಿತಿಯನ್ನು ಉದ್ದೇಶಪೂರ್ವಕವಾಗಿ ಮರೆಮಾಚಿದಲ್ಲಿ ಅಥವಾ ತಪ್ಪು ದಾರಿಗೆಳೆಯುವ ಮಾಹಿತಿ ನೀಡಿದಲ್ಲಿ ಅರ್ಜಿಯನ್ನು ತಿರಸ್ಕರಿಸಲು ಹಾಗೂ ಈಗಾಗಲೇ ನೀಡಿದ ಅನುಮತಿಯನ್ನು ರದ್ದುಪಡಿಸಲು ಅವಕಾಶವಿದೆ. ಅನುಮತಿಯಿಂದ ಬಾಧಿತರಾದವರು 30 ದಿನಗಳ ಒಳಗೆ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣಕ್ಕೆ ಮೇಲ್ಮನವಿ ಸಲ್ಲಿಸಬಹುದು. ಕರ್ನಾಟಕದ ಪ್ರಕರಣಗಳನ್ನು ಚೆನ್ನೈನ ದಕ್ಷಿಣ ವಲಯ ಪೀಠವು ವಿಚಾರಣೆ ನಡೆಸುತ್ತದೆ.

ನೆರೆಯ ಗೋವಾದ ಮೋಪಾ ವಿಮಾನ ನಿಲ್ದಾಣದ ಪ್ರಕರಣ ಇದಕ್ಕೆ ನಿದರ್ಶನವಾಗಿದೆ. ಆ ಯೋಜನೆಗೆ 2015ರಲ್ಲಿ ಪರಿಸರ ಅನುಮತಿ ದೊರೆತಿತ್ತು. ಸಮೀಪದ ಪರಿಸರ ಸೂಕ್ಷ್ಮ ಪ್ರದೇಶಗಳ ವಿವರವನ್ನು ಅರ್ಜಿಯ ನಮೂನೆಯಲ್ಲಿ ಸರಿಯಾಗಿ ಬಹಿರಂಗಪಡಿಸಿರಲಿಲ್ಲವೆಂಬುದನ್ನು ಗಂಭೀರವಾಗಿ ಪರಿಗಣಿಸಿದ ಸರ್ವೋಚ್ಚ ನ್ಯಾಯಾಲಯವು 2019ರ ಮಾರ್ಚ್ 29ರ ತೀರ್ಪಿನಲ್ಲಿ ಅನುಮತಿಯನ್ನು ಅಮಾನತಿನಲ್ಲಿರಿಸಿ, ತಜ್ಞರ ಸಮಿತಿಯ ಮರುಪರಿಶೀಲನೆಗೆ ಕಳುಹಿಸಿತು. ಹೆಚ್ಚುವರಿ ಷರತ್ತುಗಳೊಂದಿಗೆ 2020ರ ಜನವರಿಯಲ್ಲಿ ಅಮಾನತು ತೆರವಾಯಿತು. 2022ರ ಡಿಸೆಂಬರ್‌ನಲ್ಲಿ ನಿಲ್ದಾಣ ಉದ್ಘಾಟನೆಗೊಂಡಿತು. ಮೊದಲೇ ನಮೂದಿಸಬೇಕಾಗಿದ್ದ ಮಾಹಿತಿಗಾಗಿ ಸುಮಾರು ಹತ್ತು ತಿಂಗಳುಗಳು ಕಳೆದವು. ವಿವರವನ್ನು ಮುಚ್ಚಿಡುವುದರಿಂದ ಯೋಜನೆಯ ಮಾಲೀಕರಿಗೂ ಲಾಭವಿಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಬಳ್ಳಾರಿಯ ಅನುಭವ ಮತ್ತೊಂದು ಪಾಠವನ್ನು ನೀಡುತ್ತದೆ. ಅಲ್ಲಿನ ಗಣಿಗಾರಿಕೆಯನ್ನು 2011ರಲ್ಲಿ ಸ್ಥಗಿತಗೊಳಿಸಿದ ಸರ್ವೋಚ್ಚ ನ್ಯಾಯಾಲಯವು, ಭಾರತೀಯ ಅರಣ್ಯ ಸಂಶೋಧನೆ ಮತ್ತು ಶಿಕ್ಷಣ ಮಂಡಳಿಯಿಂದ ಇಡೀ ಪ್ರದೇಶದ ಸಮಗ್ರ ಪರಿಣಾಮ ಅಧ್ಯಯನವನ್ನು ಮಾಡಿಸಿತು. ಬಳಿಕ ಪ್ರತಿ ಗುತ್ತಿಗೆ ಪ್ರದೇಶಕ್ಕೂ ಸುಧಾರಣೆ ಮತ್ತು ಪುನರ್ವಸತಿ ಯೋಜನೆಯನ್ನು ರೂಪಿಸುವುದು ಕಡ್ಡಾಯವಾಯಿತು. ಒಂದೊಂದು ಗಣಿಯನ್ನು ಪ್ರತ್ಯೇಕವಾಗಿ ನೋಡಿದಾಗ ಗೋಚರಿಸದ ಹಾನಿಯು ಅಕ್ಕಪಕ್ಕದ ಗಣಿಗಳನ್ನೂ ಅವುಗಳ ಲಾರಿ ಸಂಚಾರವನ್ನೂ ಒಟ್ಟಾಗಿ ಪರಿಗಣಿಸಿದಾಗ ಮಾತ್ರ ತಿಳಿದುಬರುತ್ತದೆ. ಆದ್ದರಿಂದ ಸಮಾಲೋಚಕರು ಸುತ್ತಲಿನ ಇತರ ಘಟಕಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳತಕ್ಕದ್ದು.

9. ಹೊಸ ಅವಕಾಶಗಳು

ಕೇಂದ್ರ ಸರ್ಕಾರವು 2025ರ ಆಗಸ್ಟ್‌ನಲ್ಲಿ ಪರಿಸರ ಲೆಕ್ಕಪರಿಶೋಧನಾ ನಿಯಮಗಳನ್ನು ಅಧಿಸೂಚಿಸಿದೆ. ಇದರಂತೆ ಅರ್ಹ ವ್ಯಕ್ತಿಗಳು ಹಿಂದಿನ ಅನುಭವದ ಆಧಾರದಲ್ಲಿ ಅಥವಾ ರಾಷ್ಟ್ರೀಯ ಪರೀಕ್ಷೆಯ ಮೂಲಕ ಪ್ರಮಾಣಪತ್ರ ಪಡೆದು, ನೋಂದಾಯಿತ ಪರಿಸರ ಲೆಕ್ಕಪರಿಶೋಧಕರಾಗಬಹುದು. ಯಾವ ಘಟಕವನ್ನು ಯಾರು ಪರಿಶೋಧಿಸಬೇಕೆಂಬುದನ್ನು ಯಾದೃಚ್ಛಿಕ ಹಂಚಿಕೆಯ ಮೂಲಕ ನಿರ್ಧರಿಸುವುದರಿಂದ, ಮಾಲೀಕರು ತಮಗೆ ಬೇಕಾದವರನ್ನು ಆರಿಸಿಕೊಳ್ಳಲು ಅವಕಾಶವಿರುವುದಿಲ್ಲ.

ಷೇರು ಮಾರುಕಟ್ಟೆಯಲ್ಲಿ ನೋಂದಣಿಯಾದ ಮೊದಲ 1,000 ಕಂಪನಿಗಳು 2022–23ನೇ ಸಾಲಿನಿಂದ ವ್ಯಾವಹಾರಿಕ ಹೊಣೆಗಾರಿಕೆ ಮತ್ತು ಸುಸ್ಥಿರತಾ ವರದಿಯನ್ನು ಸಲ್ಲಿಸುವುದನ್ನು ‘ಸೆಬಿ’ಯು ಕಡ್ಡಾಯಗೊಳಿಸಿದೆ. ನೀರು, ವಿದ್ಯುತ್, ತ್ಯಾಜ್ಯ ಮತ್ತು ಇಂಗಾಲ ಹೊರಸೂಸುವಿಕೆಯ ಲೆಕ್ಕವನ್ನು ವರ್ಷದಿಂದ ವರ್ಷಕ್ಕೆ ತಾಳೆಯಾಗುವಂತೆ ಇಡಬೇಕಾದ ಈ ಕೆಲಸದಲ್ಲಿ ವಾಣಿಜ್ಯ ಪದವೀಧರರಿಗೂ ಅವಕಾಶಗಳಿವೆ.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಸ್ನಾತಕೋತ್ತರ ಪದವಿ ಪಡೆದ ಕೂಡಲೇ ಸ್ವಂತ ಸಂಸ್ಥೆ ಆರಂಭಿಸಬಹುದೇ?
ಉತ್ತರ: ಸಲಹಾ ಸಂಸ್ಥೆ ಆರಂಭಿಸಲು ಅಡ್ಡಿಯಿಲ್ಲ. ಆದರೆ ನಿಗದಿತ ತಜ್ಞರ ತಂಡ ಮತ್ತು ಮಾನ್ಯತೆ ಇಲ್ಲದೆ ಪರಿಣಾಮ ಅಂದಾಜು ವರದಿ ಸಿದ್ಧಪಡಿಸುವಂತಿಲ್ಲ. ಮಾನ್ಯತೆ ಪಡೆದ ಸಂಸ್ಥೆ ಅಥವಾ ಪ್ರಯೋಗಾಲಯದಲ್ಲಿ ಕೆಲವು ವರ್ಷಗಳ ಅನುಭವ ಪಡೆಯುವುದು ಸೂಕ್ತ.

ಪ್ರಶ್ನೆ: ಮಾದರಿಗಳನ್ನು ಯಾವ ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕು?
ಉತ್ತರ: ಪರಿಸರ (ಸಂರಕ್ಷಣೆ) ಅಧಿನಿಯಮದ ಅಡಿಯಲ್ಲಿ ಮಾನ್ಯತೆ ಪಡೆದ ಅಥವಾ ‘ಎನ್‌ಎಬಿಎಲ್’ ಮಾನ್ಯತೆ ಹೊಂದಿರುವ ಪ್ರಯೋಗಾಲಯದಲ್ಲಿ ಪರೀಕ್ಷಿಸತಕ್ಕದ್ದು.

ಪ್ರಶ್ನೆ: ಸಮಾಲೋಚಕರು ಅನುಮತಿ ಕೊಡಿಸುವ ಭರವಸೆ ನೀಡಬಹುದೇ?
ಉತ್ತರ: ಇಲ್ಲ. ಅನುಮತಿ ನೀಡುವ ಅಥವಾ ನಿರಾಕರಿಸುವ ಅಧಿಕಾರ ಪ್ರಾಧಿಕಾರಕ್ಕೆ ಮಾತ್ರ ಇರುತ್ತದೆ. ಸಮಾಲೋಚಕರು ಯಾವುದೇ ಇಲಾಖೆಯ ಪ್ರತಿನಿಧಿಗಳಾಗಿರುವುದಿಲ್ಲ.

ಪ್ರಶ್ನೆ: ಅರ್ಜಿದಾರರು ಸಮಾಲೋಚಕರನ್ನು ನೇಮಿಸಿಕೊಳ್ಳುವಾಗ ಏನನ್ನು ಪರಿಶೀಲಿಸಬೇಕು?
ಉತ್ತರ: ಸಂಸ್ಥೆಯ ಮಾನ್ಯತಾ ಪತ್ರ ಚಾಲ್ತಿಯಲ್ಲಿದೆಯೇ, ಅದರಲ್ಲಿ ಸಂಬಂಧಿತ ಯೋಜನಾ ಕ್ಷೇತ್ರವು ಸೇರಿದೆಯೇ ಎಂಬುದನ್ನು ನ್ಯಾಬೆಟ್ ಪ್ರಕಟಿಸುವ ಪಟ್ಟಿಯಲ್ಲಿ ಖಚಿತಪಡಿಸಿಕೊಳ್ಳಬೇಕು. ಕೆಲಸದ ವ್ಯಾಪ್ತಿ, ಅವಧಿ ಮತ್ತು ಶುಲ್ಕವನ್ನು ಲಿಖಿತ ಒಪ್ಪಂದದಲ್ಲಿ ನಮೂದಿಸಿ, ಪಾವತಿಗೆ ರಸೀದಿ ಪಡೆಯುವುದು ಸೂಕ್ತ. ವರದಿಗೆ ಸಹಿ ಮಾಡುವ ಮುನ್ನ ಅರ್ಜಿದಾರರು ಅದನ್ನು ಪೂರ್ಣವಾಗಿ ಓದುವುದು ಅವಶ್ಯಕ. ಅದರಲ್ಲಿನ ಮಾಹಿತಿಗೆ ಅವರೂ ಬಾಧ್ಯರಾಗಿರುತ್ತಾರೆ.

11. ಸೂಚನೆ

ಈ ಲೇಖನವನ್ನು ಸಾಮಾನ್ಯ ಮಾಹಿತಿಗಾಗಿ ಮಾತ್ರ ಪ್ರಕಟಿಸಲಾಗಿದೆ. ಅಧಿನಿಯಮ, ನಿಯಮ ಹಾಗೂ ಅಧಿಸೂಚನೆಗಳ ಮೂಲ ಪಾಠವೇ ಅಂತಿಮವಾಗಿರುತ್ತದೆ. ಅನುಮತಿಗಳ ಬಗ್ಗೆ ಹೆಚ್ಚಿನ ವಿವರ ಬೇಕಾದವರು ತಮ್ಮ ವ್ಯಾಪ್ತಿಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು. ಈ ವೃತ್ತಿಯನ್ನು ಆರಿಸಿಕೊಳ್ಳುವ ಯುವಜನರು ತಮ್ಮ ಸಹಿಯ ಮೌಲ್ಯವನ್ನು ಅರಿತು, ಕಂಡದ್ದನ್ನು ಕಂಡಂತೆ ದಾಖಲಿಸುವ ಅಭ್ಯಾಸವನ್ನು ಮೊದಲ ದಿನದಿಂದಲೇ ಬೆಳೆಸಿಕೊಳ್ಳಬೇಕೆಂದು ಕೋರಲಾಗಿದೆ.